ಕೋವಿಗೆ ಹಚ್ಚಿದ ವಿಭೂತಿ

೨೦೨೨ರ ನವರಾತ್ರಿಯ ಸಮಯ. ನಾವಾಗ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿದ್ದೆವು. ನನ್ನ ಗಂಡ ಬೋಪಣ್ಣ ಕೊಡಗಿನವರು, ನಾನು ಮೈಸೂರಿನ ಸಸ್ಯಾಹಾರಿ. ಮದುವೆಯಾದಾಗಿನಿಂದ ಇವರ ಬೇಟೆಯ ಕತೆ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಆ ವರ್ಷ ಸಿಟಿಜನ್‌ಶಿಪ್ ಬಂದದ್ದೇ ತಡ, ತೀರಿಕೊಂಡ ಯಾರೋ ಹಿರಿಯರ ಮನೆಯ ಸಾಮಾನು ಮಾರುವಲ್ಲಿಂದ ಇಂಗ್ಲೆಂಡಿನ ಹಳೇ ಜೋಡುನಳಿಗೆ ರೈಫಲ್ ಒಂದನ್ನು ಕೊಂಡು ತಂದರು.

ಆಮೇಲೆ ಶುರುವಾಯಿತು ಅದಕ್ಕೆ ಹಾಕುವ ಗುಂಡಿನ ತೋಟಾದ ರಾಮಾಯಣ. ಮೈಮೇಲೆ ನುಗ್ಗಿ ಬರುವ ಕಾಡುಹಂದಿಯನ್ನು ಒಂದೇ ಏಟಿಗೆ ನಿಲ್ಲಿಸಲು ಯಾವ ತೋಟಾ ಸರಿ ಎಂದು ವಾರಗಟ್ಟಲೆ ವಿಡಿಯೊ ನೋಡಿದರು. ಕೊನೆಗೆ ಆನೆ ಹೊಡೆಯುವವರು ಬಳಸುವಂಥದ್ದನ್ನೇ ತರಿಸಿದರು.

"ನೋಡು ಶೈಲೂ, ಹೆಂಗೆ ಪರ್ಫೆಕ್ಟಾಗಿ ಫಿಟ್ ಆಯ್ತು. ಇದಕ್ಕಿಂತ ಪವರ್‌ಫುಲ್ ಬೇಕಾ?" ಎಂದು ಹಾಕಿ, ತೆಗೆದು ತೋರಿಸಿದರು.

ಶನಿವಾರ ಬೆಳಿಗ್ಗೆ ಸೌತ್ ಕ್ಯಾರೊಲಿನಾಕ್ಕೆ ಹೊರಡುವುದೆಂದಾಗಿತ್ತು. ಅಲ್ಲಿ ಇವರ ಸಂಬಂಧಿಕರೊಬ್ಬರಿದ್ದಾರೆ. ರಿಟೈರ್ ಆದ ಸರ್ಜನ್, ಹಳೇ ಕೋವಿಗಳ ಬಗ್ಗೆ ಚೆನ್ನಾಗಿ ತಿಳಿದವರು, ನಾವು ಕರೆಯುವುದು ಡಾಕ್ಟರ್ ಅಂಕಲ್ ಎಂದು. ಅವರ ಜಮೀನಿಗೆ ಹಂದಿಗಳ ಕಾಟ. ನನ್ನದು ಒಂದೇ ಹಟ, ಪೂಜೆಯಾಗದೆ ಕೋವಿ ಹೊಸ್ತಿಲು ದಾಟಕೂಡದು.

"ಟೈಮಿಲ್ಲ ಕಣೇ," ಎಂದರು.

"ವ್ಯಾಕ್ಯೂಮ್ ಕ್ಲೀನರಿಗೂ ಕುಂಕುಮ ಇಟ್ಟಿದೀನಿ. ಇದನ್ನ ಬಿಡ್ತೀನಾ? ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಪೂಜೆ ಮಾಡೋರು ನೀವೇ ಅಲ್ವೇನ್ರೀ?"

ಗೊಣಗುತ್ತಲೇ ಶುಕ್ರವಾರ ಸಂಜೆ ನಳಿಗೆಗಳನ್ನು ಬಿಚ್ಚಿ ಒರೆಸಿ, ದೇವರ ಮುಂದೆ ಬಟ್ಟೆಯ ಮೇಲೆ ಅಂಗಾತ ಇಟ್ಟರು. ನಾನು ವಿಭೂತಿ ಹಚ್ಚಿದೆ. ಜಾಸ್ತಿಯಾಯಿತೆಂದು ಬೆರಳಲ್ಲಿ ಒರೆಸಿದಾಗ, ಅದುವರೆಗೆ ಕಾಣದಿದ್ದ ಸಣ್ಣ ಅಕ್ಷರಗಳು, ಗುರುತುಗಳು ಬೆಳ್ಳಗೆ ಎದ್ದು ನಿಂತವು. ನನಗೆ ಅದರ ತಲೆಬುಡ ತಿಳಿಯಲಿಲ್ಲ. ಚೆನ್ನಾಗಿದೆ ಅನ್ನಿಸಿ ಒಂದು ಫೋಟೊ ತೆಗೆದು ಅಂಕಲ್‌ಗೆ ಕಳಿಸಿ, ಮಂಗಳಾರತಿಗೆ ಕರ್ಪೂರ ಹುಡುಕತೊಡಗಿದೆ.

ಅಷ್ಟರಲ್ಲಿ ಫೋನ್ ಬಂತು. ಸ್ಪೀಕರ್‌ಗೆ ಹಾಕಿದೆ.

"ಬೋಪು, ಯಾವ ತೋಟಾ ತಂದಿದೀಯಾ?" ಅಂಕಲ್ ದನಿ ಗಡುಸಾಗಿತ್ತು. ಇವರು ಹೆಮ್ಮೆಯಿಂದಲೇ ಹೇಳಿದರು.

"ಅದರಲ್ಲಿ ಒಂದಾದ್ರೂ ಹೊಡೆದ್ಯಾ?"

"ಇಲ್ಲ ಅಂಕಲ್, ನಾಳೆ ನಿಮ್ಮಲ್ಲೇ ಫಸ್ಟ್."

ಅಂಕಲ್ ಉಸಿರು ಬಿಟ್ಟಿದ್ದು ನಮಗೆ ಕೇಳಿಸಿತು. "ಪುಣ್ಯ ಮಾಡಿದೀಯ. ಆ ಗುರುತು ನೋಡು, ಅದು ಹಳೇ ಕಾಲದ ಕರಿಮದ್ದಿಗೆ ಮಾತ್ರ ಟೆಸ್ಟ್ ಮಾಡಿರೋ ನಳಿಗೆ. ನೀನು ತಂದಿರೋ ತೋಟಾ ಸೈಜಲ್ಲಿ ಅದೇ, ಆದ್ರೆ ಒಳಗಿರೋದು ಈಗಿನ ಕಾಲದ ಮದ್ದು, ಅದರ ಪ್ರೆಶರ್ ತುಂಬಾ ಜಾಸ್ತಿ. ಫಿಟ್ ಆಗೋದೆಲ್ಲ ಸೂಟ್ ಆಗಲ್ಲ ಕಣೋ. ನಳಿಗೆ ನಿನ್ನ ಮುಖದ ಹತ್ರಾನೇ ಸಿಡೀತಿತ್ತು."

ಇವರು ನಳಿಗೆಗಳನ್ನು ಬೆಳಕಿಗೆ ಹಿಡಿದು ಆ ಗುರುತುಗಳನ್ನೇ ಮತ್ತೆ ಮತ್ತೆ ನೋಡಿದರು. ತೋಟಾದ ಡಬ್ಬಿಯನ್ನು ನಾನೇ ಕಪಾಟಿಗೆ ಹಾಕಿ ಬೀಗ ಜಡಿದೆ. ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂದುಬಿಟ್ಟಿತು. ಆಮೇಲೆ ಬೈದೆ, ಮನಸಾರೆ.

ಮರುದಿನ ಬರಿಗೈಯಲ್ಲೇ ಹೋದರು. ಅಂಕಲ್ ತಮ್ಮ ಹೊಸ ರೈಫಲನ್ನೇ ಕೊಟ್ಟರಂತೆ. ಭಾನುವಾರ ವಾಪಸ್ ಬಂದು ಅಡುಗೆಮನೆಯಲ್ಲಿ ನಿಂತು, ಹಂದಿ ಹೇಗೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು ಎಂದು ಕೈ ಆಡಿಸುತ್ತಾ ಪೇಚಾಡಿಕೊಂಡರು. ನನಗೆ ಹಂದಿಯ ವಿಷಯ ತಲೆಗೇ ಹೋಗಲಿಲ್ಲ. ಆಡುತ್ತಿದ್ದ ಆ ಎರಡು ಕೈಗಳನ್ನೂ, ಎರಡು ಕಣ್ಣುಗಳನ್ನೂ ನೋಡುತ್ತಿದ್ದೆ.

ಈಗ ಯಾವುದಕ್ಕೆ ಪೂಜೆಯೆಂದರೂ ಇವರು ಗೊಣಗುವುದಿಲ್ಲ. ವಿಭೂತಿ ಬಟ್ಟಲು ತಾವೇ ತಂದುಕೊಡುತ್ತಾರೆ. ಬೇಟೆಯ ಕತೆ ಮಾತ್ರ ನಿಂತಿಲ್ಲ. ನಾನೂ ಮೊದಲಿನ ಹಾಗೆ ಎದ್ದು ಹೋಗುವುದಿಲ್ಲ, ಕೂತು ಪೂರ್ತಿ ಕೇಳುತ್ತೇನೆ.