ಗೆಣ್ಣಿಗೆ ತಾಗದ ಕಲ್ಲು

ದುರ್ಗವ್ವನ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರೆ ಹುಣಸೆ ಬೀಜದಷ್ಟು ಒಂದು ಕರಿ ಚುಕ್ಕೆ ಮೂಡುತ್ತಿತ್ತು, ಅಷ್ಟೆ. ಸವೆದು ನುಣುಪಾದ ಬೀಸುವ ಕಲ್ಲುಗಳನ್ನು ಸಣ್ಣ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡುವುದು ಅವಳ ಕಸುಬು. ಹೊಡೆದ ಮೇಲೆ ಬೆರಳಾಡಿಸಿ ನೋಡಬೇಕು. ಹಾಗೆ ನೋಡಿ ನೋಡಿಯೇ ಬೆರಳು ಸವೆದು ಹೋಗಿತ್ತು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ವರ್ಷವಿಡೀ ಅವಳ ತಿರುಗಾಟ. ನಾನು ಚಿಕ್ಕೇರೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲವದು, ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಗೆ ತಪ್ಪದೆ ಬರುತ್ತಿದ್ದಳು. ಕಲ್ಲಿನ ಮೇಲೆ ಒಮ್ಮೆ ಅಂಗೈ ಎಳೆದರೆ ಸಾಕು, ಮನೆಯ ಗುಟ್ಟೆಲ್ಲ ಹೊರಗೆ.

"ಅವ್ವಾರ, ನೀವು ಈಗೀಗ ಎಡಗೈಲೆ ಬೀಸಾಕತ್ತೀರಿ. ಬಲರಟ್ಟಿ ನೋಯತೈತೇನ್ರಿ?" ಎಂದು ಒಮ್ಮೆ ನನ್ನ ಹೆಂಡತಿಯನ್ನು ಕೇಳಿದಳು. ನೋವಿದ್ದದ್ದು ನಿಜ. ಒಂದೇ ಸೂರಿನಡಿ ಇದ್ದ ನನಗೇ ಅದು ಗೊತ್ತಿರಲಿಲ್ಲ! ಹೆಂಡತಿ ನನ್ನ ಕಡೆ ನೋಡಿದ ನೋಟ ಇಂದಿಗೂ ನೆನಪಿದೆ.

ಊರಿನಿಂದ ಒಂದು ಹರದಾರಿ ಆಚೆ ಕೆಂಪು ಬಂಡೆಗಳ ಬಯಲಿತ್ತು. ಮರವಿಲ್ಲ, ನೆರಳಿಲ್ಲ, ಕಳ್ಳಿ, ತಂಗಡಿ ಬಿಟ್ಟರೆ ಹಸಿರೆಂಬುದಿಲ್ಲ. ಬೇಸಿಗೆಯಲ್ಲಿ ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ರವಿವಾರ ಬಂತೆಂದರೆ ನಾನು ಅಲ್ಲಿ ಹಾಜರು. ಶಾಸನವೋ ವೀರಗಲ್ಲೋ ಸಿಕ್ಕೀತೆಂಬ ಹುಚ್ಚು ನನಗೆ. ದುರ್ಗವ್ವನೂ ಹೊಸ ಕಲ್ಲು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದಳು. ಒಮ್ಮೆ ನನ್ನ ತಂಬಿಗೆಯ ನೀರು ತೀರಿ ಗಂಟಲು ಒಣಗಿದಾಗ ಆಕಾಶಕ್ಕೆ ಬೆರಳು ತೋರಿಸಿದಳು.

"ಬೆಳವ ಎತ್ತಾಗ ಇಳೀತೈತಿ ನೋಡ್ರಿ ಮಾಸ್ತರ್ರ. ಒಣಾ ಕಾಳು ತಿನ್ನೂ ಹಕ್ಕಿ, ನೀರು ಬಿಟ್ಟು ದೂರ ಇರೂದಿಲ್ಲ."

ಹಕ್ಕಿ ಇಳಿದಲ್ಲಿಗೆ ಹೋದರೆ ಎರಡು ಬಂಡೆಗಳ ಸಂದಿಯಲ್ಲಿ ಬೊಗಸೆ ನೀರು. ನಾನು ಕುಡಿಯುವುದನ್ನೇ ನೋಡುತ್ತ, "ನಿಮ್ಮ ಪುಸ್ತಕದಾಗ ಇದು ಇಲ್ಲೇನ್ರಿ?" ಎಂದು ನಕ್ಕಳು.

ಆಮೇಲೆ ರಸ್ತೆಯ ಕೆಲಸ ಬಂತು. ಜಲ್ಲಿಗಾಗಿ ಆ ಬಂಡೆಗಳಿಗೆ ಮದ್ದಿಟ್ಟು ಒಡೆಯಬೇಕೆಂದು ಠರಾವಾಯಿತು. ನನ್ನ ಹುಚ್ಚು ತಾಲೂಕಿಗೆಲ್ಲ ಗೊತ್ತಿದ್ದುದರಿಂದ, ಅಲ್ಲಿ ಹಳೆಯ ಗುರುತು ಏನಾದರೂ ಉಂಟೇ ನೋಡಿ ಬರೆಯಿರೆಂದು ಮಾಮಲೇದಾರರು ನನಗೇ ಹೇಳಿ ಕಳಿಸಿದರು. ನಾನು ಉಬ್ಬಿಹೋದೆ. ಮೂರು ರವಿವಾರ ಬಿಸಿಲಲ್ಲಿ ಬೆಂದು ವರದಿ ಬರೆದೆ: "ಅಕ್ಷರವಿಲ್ಲ, ಮೂರ್ತಿಯಿಲ್ಲ. ಮಳೆನೀರಿನಿಂದಾದ ಕೆಲವು ಕುಳಿಗಳ ಹೊರತು ಬೇರೇನೂ ಇಲ್ಲ." ಕೆಳಗೆ ನನ್ನ ದೊಡ್ಡ ಸಹಿ.

ದುರ್ಗವ್ವ ನಮ್ಮ ಕಲ್ಲಿಗೆ ಉಳಿ ಹಾಕುತ್ತ ಕೂತಿದ್ದಾಗ ಇದನ್ನು ಜಂಬದಿಂದಲೇ ಹೇಳಿದೆ. ಉಳಿಯ ಸದ್ದು ನಿಂತಿತು.

"ಯಾವ ಕುಳಿರಿ? ನಡುವಿನ ದೊಡ್ಡ ಕಲ್ಲಿನ ಮ್ಯಾಲಿನ ಉದ್ದನ್ನ ಕುಳಿ?"

"ಹೌದು, ಅವೇ ಕುಳಿ."

"ಅವು ಮಳಿ ಮಾಡಿದ್ದಲ್ಲರಿ, ಹೆಣ್ಮಕ್ಕಳು ಮಾಡಿದ್ದು! ಬೀಸೂ ಕಲ್ಲು ಹುಟ್ಟೂಕಿಂತ ಮೊದ್ಲ ಕಾಳು ಅರದ ಜಾಗಾ ಅದು. ನಮ್ಮವ್ವ ನನ್ನ ಬೆರಳು ಅಲ್ಲೇ ಇಡಿಸಿ ಈ ಕಸಬು ಕಲಿಸ್ಯಾಳ್ರಿ. ಅದನ್ನ ಒಡಸ್ತೀರೇನು?"

"ವರದಿ ಕಳಿಸಿಬಿಟ್ಟೇನಿ ದುರ್ಗವ್ವ. ಈಗ ತಪ್ಪು ಅಂದ್ರ ನನ್ನ ಮರ್ಯಾದಿ ಏನಾಗಬೇಕು?"

"ನಿಮ್ಮ ಮರ್ಯಾದಿ ಮತ್ತ ಬೆಳೀತೈತ್ರಿ. ಕಲ್ಲು ಬೆಳಿಯೂದಿಲ್ಲ."

ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ. ಮರುದಿನವೇ ಹಿರೇಕೆರೂರಿಗೆ ಹೋಗಿ ನನ್ನದು ತಪ್ಪಾಗಿದೆ ಎಂದು ಒಪ್ಪಿಕೊಂಡೆ. ಮಾಮಲೇದಾರರು ಬೇಸರಪಟ್ಟುಕೊಂಡೇ ಬಂದರು. ಅಷ್ಟರಲ್ಲಿ ಬಂಡೆಯ ಒಂದು ಅಂಚಿಗೆ ಮದ್ದಿನ ತೂತುಗಳು ಬಿದ್ದಿದ್ದವು. ನನ್ನೊಡನೆ ಬಂದಿದ್ದ ದುರ್ಗವ್ವನ ಮಾತು ಕೇಳಿ ಅವರು, "ಯಾವ ಕುಳಿಯಾಗ ಕಾಳು ಹಾಕಿ ಅರದ್ರೂ ಹಿಟ್ಟು ಆಗತೈತಿ ಬಿಡವಾ" ಎಂದರು.

ದುರ್ಗವ್ವ ಸೆರಗಿನ ಗಂಟು ಬಿಚ್ಚಿ ಜೋಳ ತೆಗೆದಳು, ಒಂದು ಗುಂಡು ಕಲ್ಲನ್ನು ನನ್ನ ಕೈಗಿಟ್ಟಳು. "ಮೊದ್ಲು ಮಳಿ ಮಾಡಿದ ಕುಳಿಯಾಗ ಅರೀರಿ ಮಾಸ್ತರ್ರ" ಎಂದು ಪಕ್ಕದ ಬಂಡೆಯ ಕುಳಿ ತೋರಿಸಿದಳು. ಅರೆದೆ. ಕಾಳು ಸಿಡಿದು ಹೊರಗೆ ಬಿತ್ತು. ಬೆರಳ ಗೆಣ್ಣುಗಳು ಅಂಚಿಗೆ ತರಚಿ ರಕ್ತ ಬಂತು. "ಈಗ ಇಲ್ಲಿ ಬರ್ರಿ. ಗೆಣ್ಣು ತಾಗಿದ್ರ ಹೇಳ್ರಿ."

ಉದ್ದ ಕುಳಿಯ ಮುಂದೆ ಮಂಡಿಯೂರಿದೆ. ಕಲ್ಲು ತಾನಾಗಿ ಹೋಗಿ ತಾನಾಗಿ ಬಂತು. ಕೈಯ ಎರಡೂ ಬದಿಗೆ ಬೇಕಾದಷ್ಟು ಜಾಗವಿತ್ತು, ಹಿಟ್ಟು ನನ್ನ ಕಡೆಗೇ ಇಳಿದು ಬಂತು. ಎಷ್ಟು ಸಾವಿರ ಸಲ ಯಾರ ಕೈ ಇಲ್ಲಿ ಓಡಾಡಿರಬೇಕು! ಅದರ ಮಗ್ಗುಲಲ್ಲೇ ಒಂದು ಪುಟ್ಟ ಕುಳಿ, ಆಳವಿಲ್ಲದ್ದು. ದುರ್ಗವ್ವ ಅದನ್ನು ಅಂಗೈಯಿಂದ ಸವರಿದಳು.

"ಇದು ಮಗಳದ್ರಿ ಸಾಹೇಬ್ರ. ಅವ್ವನ ಮಗ್ಗಲಕ ಕುಂತು ಕಲ್ತಾಳ."

ಮಾಮಲೇದಾರರು ಪಾಯಿಜಾಮ ಕೊಳೆಯಾಗುವುದನ್ನೂ ಲೆಕ್ಕಿಸದೆ ಕೂತು ತಾವೂ ಒಂದು ಹಿಡಿ ಅರೆದರು. ಎದ್ದವರು ಆ ಬಂಡೆ ಬಿಟ್ಟು ಆಚೆ ಒಡೆಯಿರಿ ಎಂದರು. ಪಂಚನಾಮೆ ಬರೆಸಿ, ಅದರ ಮೇಲೆ ಎಲ್ಲರಿಗಿಂತ ಮೊದಲು ದುರ್ಗವ್ವನ ಹೆಬ್ಬೆಟ್ಟು ಒತ್ತಿಸಿದರು. ಅವರ ಜೊತೆ ಬಂದಿದ್ದ ಕಾರಕೂನ, "ಗೆರಿ ಮೂಡವಲ್ಲವು ಸಾಹೇಬ್ರ" ಎಂದ.

"ಯಾಕ ಮೂಡೂದಿಲ್ಲ ಅನ್ನೂದು ಈಗ ನೋಡಿದ್ಯಲ್ಲ. ಹಂಗ ಇರ್ಲಿ" ಎಂದರು ಮಾಮಲೇದಾರರು.

ಆ ಕರಿ ಚುಕ್ಕೆಯ ಕೆಳಗೆ ನಾನು ಸಹಿ ಹಾಕಿದೆ. ಜನ್ಮದಲ್ಲಿ ಎಷ್ಟೋ ಕಾಗದಗಳಿಗೆ ಸಹಿ ಮಾಡಿದ್ದೇನೆ. ಹೆಮ್ಮೆ ಎನಿಸುವುದು ಅದೊಂದೇ.

ನನಗೆ ಹಾನಗಲ್ಲಿಗೆ ವರ್ಗವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಯ ನಮ್ಮ ಓಣಿಯ ತುದಿಗೆ ಹಿಟ್ಟಿನ ಗಿರಣಿ ಬಂತು. ಆ ವರ್ಷವೂ ದುರ್ಗವ್ವ ಬಂದಳು, ಮುದುಕಿಯಾಗಿದ್ದಳು. ನಮ್ಮ ಕಲ್ಲಿನ ಮೇಲೆ ಕೈಯಾಡಿಸಿ, "ಹ್ವಾದ ವರ್ಷ ಹಾಕಿದ ಉಳಿ ಗುರುತು ಹಂಗ ಐತ್ರಿ ಅವ್ವಾರ" ಎಂದು ಚೀಲ ಕಟ್ಟಿದಳು. ನನ್ನ ಹೆಂಡತಿ ತಲೆ ತಗ್ಗಿಸಿದಳು. ದುರ್ಗವ್ವ ರೊಟ್ಟಿ ತಿಂದು, ಎದ್ದು ಹೋಗುವಾಗ ನನಗೊಂದು ಮಾತು ಹೇಳಿದಳು.

"ಆ ಕಡೆ ಹೋದ್ರ ಒಂದ್ ಹಿಡಿ ಜ್ವಾಳ ಅರದು ಬರ್ರಿ ಮಾಸ್ತರ್ರ. ಬಿಟ್ಟ ಕಲ್ಲಿಗೆ ಬ್ಯಾಸರ ಆಗತೈತಿ."

ಮರುವರ್ಷ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾನು ಹೋಗುತ್ತೇನೆ. ಹೆಂಡತಿ ತಾನಾಗಿ ಜೋಳ ಕಟ್ಟಿಕೊಡುತ್ತಾಳೆ. ಮಂಡಿಯೂರಿ ಅರೆದು, ಹಿಟ್ಟನ್ನು ಇರುವೆಗಳಿಗೆ ಬಿಟ್ಟು ಬರುತ್ತೇನೆ. ನನಗೆ ಅರೆಯುವುದು ಇನ್ನೂ ಸರಿಯಾಗಿ ಬಂದಿಲ್ಲ. ಅರ್ಧಕ್ಕರ್ಧ ನುಚ್ಚಾಗಿಯೇ ಉಳಿಯುತ್ತದೆ. ಗೆಣ್ಣು ಮಾತ್ರ ಒಮ್ಮೆಯೂ ಕಲ್ಲಿಗೆ ತಾಗಿಲ್ಲ.