ಎಡತೋಳಿನ ಹೆರ್ಲಿಂದಾ

ಹೆರ್ಲಿಂದಾ ಉಡುಪಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಎಡತೋಳು ಹೊಲಿದಳು. ಕಾಲರ್ ಕೂರಿಸುವವಳು ಬೇರೆ, ಗುಂಡಿಮನೆ ಮಾಡುವವಳು ಬೇರೆ, ಅಂಚು ಮಡಿಚುವವಳು ಇನ್ನೊಬ್ಬಳು. ಮೆಕ್ಸಿಕೊ ನಗರದಲ್ಲಿ ಯಾರಾದರೂ ಹೊಸ ಫ್ರಾಕು ತೊಟ್ಟು ಬಸ್ಸು ಹತ್ತಿದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಎಡ ಹೆಗಲಿಗೆ. ತನ್ನ ಹೊಲಿಗೆ ಗುರುತು ಸಿಕ್ಕಿದರೆ ಒಳಗೊಳಗೇ ಖುಷಿ, ಮರುಕ್ಷಣವೇ ಕಿರಿಕಿರಿ. ಇದು ನಾನು ಹೊಲಿದದ್ದು ಎಂದು ತೋರಿಸಲು ಅವಳಿಗೆ ಇಡೀ ಊರಿನಲ್ಲಿ ಒಂದು ಪೂರ್ತಿ ಬಟ್ಟೆ ಇರಲಿಲ್ಲ.

ಬಲತೋಳು ತೋಲಾಳದು. ಇಬ್ಬರ ಯಂತ್ರಗಳೂ ನಾಲ್ಕನೆಯ ಮಹಡಿಯಲ್ಲಿ ಮೆಟ್ಟಿಲ ಪಕ್ಕ ಜೋಡಿಯಾಗಿದ್ದವು, ಇಬ್ಬರ ಮನೆಗಳೂ ಓಬ್ರೇರಾ ಬಡಾವಣೆಯ ಒಂದೇ ವಠಾರದಲ್ಲಿ. ತೋಲಾ ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕುತ್ತಿದ್ದಳು. ಹೆರ್ಲಿಂದಾಳ ದೊಡ್ಡ ಮಗಳು ನೋರ್ಮಾಳನ್ನು ಚರ್ಚಿನಲ್ಲಿ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ತೋಲಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ, ಮಗುವಿನ ತಾಯಿಯೂ ಜ್ಞಾನತಾಯಿಯೂ ಪರಸ್ಪರ ಕರೆದುಕೊಳ್ಳುವಂತೆ ಕೊಮಾದ್ರೆ ಎಂದೇ ಕರೆಯುವುದು.

"ನಾವಿಬ್ರೂ ಸೇರಿದ್ರೆ ಒಂದು ತಬ್ಬುಗೆ ಆಗುತ್ತೆ ಕಣೇ ಕೊಮಾದ್ರೆ" ಎನ್ನುತ್ತಿದ್ದಳು ತೋಲಾ. "ಮಧ್ಯೆ ನಿಲ್ಲೋಕೆ ಒಬ್ಬ ಗಂಡಸಿಲ್ಲ, ಅಷ್ಟೇ."

"ನನ್ನ ಮನೇಲಿ ಒಬ್ಬ ಮಲಗಿದ್ದಾನೆ, ಬೇಕಾದ್ರೆ ಹೊತ್ಕೊಂಡು ಹೋಗು."

ಸಾವಿರದ ಒಂಬೈನೂರ ಎಂಬತ್ತೈದರ ಸೆಪ್ಟೆಂಬರಿನಲ್ಲಿ ಮಾದರಿ ಹೊಲಿಯುತ್ತಿದ್ದ ಮುದುಕಿ ಮಗನ ಊರಿಗೆ ಹೊರಟುಹೋದಳು. ಮಾದರಿ ಹೊಲಿಯುವವಳೆಂದರೆ ಉಡುಪನ್ನು ಕತ್ತಿನಿಂದ ಅಂಚಿನವರೆಗೆ ಒಬ್ಬಳೇ ಹೊಲಿಯುವವಳು. ಅವಳ ಮೇಜು ಒಳಕೋಣೆಯಲ್ಲಿ, ಬಟ್ಟೆಯ ಥಾನುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದ ಕಡೆ. ಬುಧವಾರ ಸಂಜೆ ಮೇಲ್ವಿಚಾರಕಿ ಡೋನ್ಯಾ ಎಲ್ವಿರಾ ಹೆರ್ಲಿಂದಾಳ ಪಕ್ಕ ಬಂದು ನಿಂತಳು.

"ನಾಳೆ ಬೆಳಿಗ್ಗೆ ಏಳಕ್ಕೆ ಹೊಸ ಮಾದರಿ ಕತ್ತರಿಸಿ ಮೇಜಿನ ಮೇಲಿಟ್ಟಿರ್ತೀನಿ. ಬಾಗಿಲು ಹಾಕೋ ಹೊತ್ತಿಗೆ ನೀನು ಅಲ್ಲಿ ಕೂತಿದ್ರೆ ಆ ಮೇಜು ನಿಂದು. ತಡ ಆಯ್ತೋ, ಮತ್ತೆ ಎಡತೋಳೇ. ನನ್ನ ಹತ್ರ ಮಕ್ಕಳು-ಮರಿ ಕಥೆ ಹೇಳ್ಬೇಡ."

ಏಳಕ್ಕೆ ಬಾಗಿಲು ಹಾಕುವುದೆಂದರೆ ಬರೀ ಹಾಕುವುದಲ್ಲ. ಹೆಂಗಸರು ಬಟ್ಟೆ ಕದ್ದು ಒಯ್ಯುತ್ತಾರೆಂದು ಮೆಟ್ಟಿಲ ಬಾಯಿಯ ಕಬ್ಬಿಣದ ಗೇಟಿಗೆ ಬೀಗ ಜಡಿಯುತ್ತಿದ್ದರು.

ಹೆರ್ಲಿಂದಾ ಹಿಗ್ಗಿದಳು, ಆಮೇಲೆ ನೆನಪಾಯಿತು. ನಾಳೆ ಗುರುವಾರ. ಗುರುವಾರ ಹಾಲಿನ ದಿನ.

ಸರ್ಕಾರದ ಅಗ್ಗದ ಹಾಲಿಗೆ ಬೆಳಕು ಹರಿಯುವ ಮೊದಲೇ ಸಾಲು. ಹೆಂಗಸರು ಬಕೆಟ್ಟು, ಕಲ್ಲು, ಹಳೆಯ ಚಪ್ಪಲಿ ಏನಾದರೊಂದನ್ನಿಟ್ಟು ಜಾಗ ಹಿಡಿದು, ಮನೆಗೆ ಓಡಿ ಒಲೆ ನೋಡಿಕೊಂಡು ಬರುವರು. ಕಲ್ಲಿಗೂ ಚಪ್ಪಲಿಗೂ ಎಲ್ಲರೂ ಮರ್ಯಾದೆ ಕೊಡುವರು. ಆದರೆ ಹಾಲಿನಂಗಡಿಯ ಷಟರ್ ಎತ್ತಿದ ಮೇಲೆ ಹಾಲಿನ ಕಾರ್ಡು ಹಿಡಿದ ದೊಡ್ಡವರು ಖುದ್ದಾಗಿ ಇರಲೇಬೇಕು. ಷಟರ್ ಕೆಲವು ದಿನ ಆರಕ್ಕೆ ಏಳುತ್ತಿತ್ತು, ಕೆಲವು ದಿನ ಲಾರಿ ಬಂದಾಗ.

ಆ ಸಂಜೆ ಹೆರ್ಲಿಂದಾ ಒಂದು ಕಡೆ ನಿಲ್ಲಲಿಲ್ಲ. ಸ್ವಾತಂತ್ರ್ಯೋತ್ಸವಕ್ಕೆ ಕಟ್ಟಿದ್ದ ಕಾಗದದ ಬಾವುಟಗಳು ಅಂಗಳದಲ್ಲಿ ಇನ್ನೂ ಪಟಪಟ ಎನ್ನುತ್ತಿದ್ದವು. ಅವುಗಳ ಕೆಳಗೆ ಬಟ್ಟೆ ಒಗೆದಳು, ತೊಟ್ಟಿಗೆ ನೀರು ತುಂಬಿದಳು, ನೋರ್ಮಾಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು, ಗಂಡನ ಮಧ್ಯಾಹ್ನದ ಬುತ್ತಿಗೆ ಬೀನ್ಸ್ ಬೇಯಿಸಿದಳು. ಕೆಲಸ ಮುಗಿದಷ್ಟೂ ಹೊಸ ಕೆಲಸ ಕಣ್ಣಿಗೆ ಬೀಳುತ್ತಿತ್ತು. ಕೊನೆಗೆ ಗಂಡ ರುತಿಲಿಯೊನ ಎದುರು ಬಿಸಿ ಟೋರ್ಟಿಯಾದ ಬುಟ್ಟಿ ಇಟ್ಟು ಕೇಳಿದಳು. ಅವನ ಛಾಪಖಾನೆ ಕೆಲಸ ಶುರುವಾಗುವುದು ಒಂಬತ್ತಕ್ಕೆ.

"ನಾಳೆ ಒಂದಿನ ಹಾಲಿಗೆ ನೀನು ಹೋಗು."

"ಆ ಹೆಂಗಸರ ಸಾಲಲ್ಲಿ? ನನ್ನನ್ನ ನೋಡಿ ಎಲ್ಲರೂ ನಗ್ತಾರೆ."

"ನಗಲಿ. ಹನ್ನೊಂದು ವರ್ಷದಲ್ಲಿ ಒಂದಿನ ಕೇಳ್ತಿದ್ದೀನಿ ರುತಿಲಿಯೊ. ಪೂರ್ತಿ ಫ್ರಾಕು ಹೊಲಿಯೋಕೆ ಕೊಡ್ತಾರಂತೆ ನಂಗೆ."

ಅವಳ ಮುಖ ನೋಡಿ ಅವನು ತಮಾಷೆ ಬಿಟ್ಟ. "ಆಯ್ತು ಕಣೆ ಮುದುಕಿ, ಹೋಗ್ತೀನಿ. ಆಣೆ." ಅವನು ಕೆಟ್ಟವನಲ್ಲ. ಹೇಳುವಾಗ ಮನಸ್ಸಿನಿಂದಲೇ ಹೇಳಿದ.

ಹೆರ್ಲಿಂದಾ ಹಾಲಿನ ಕ್ಯಾನನ್ನೂ ಕಾರ್ಡನ್ನೂ ಅವನ ಶೂಗಳ ಪಕ್ಕದಲ್ಲೇ ಇಟ್ಟಳು. ನಸುಕಿನಲ್ಲೇ ಎದ್ದು ಓಡಿಹೋಗಿ ಬಕೆಟ್ಟಿಟ್ಟು ಜಾಗವನ್ನೂ ಹಿಡಿದು ಬಂದಳು. ಅವನು ಮಾಡಬೇಕಾದದ್ದು ಹೋಗಿ ನಿಲ್ಲುವುದಷ್ಟೇ.

"ರುತಿಲಿಯೊ, ಏಳು."

"ಐದು ನಿಮಿಷ."

ಕಾಫಿ ಕುದಿಯಿತು. ಚಿಕ್ಕ ಮಗಳು ಎದ್ದು ಅತ್ತಳು. "ಏಳು, ಷಟರ್ ಎತ್ತುತ್ತಾರೆ." ಅವನು ಗೋಡೆಯ ಕಡೆ ಹೊರಳಿ ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡ. "ರಾತ್ರಿಯೆಲ್ಲ ಬೆನ್ನು ನೋವು ಕಣೆ. ನೀನೇ ಓಡು, ನೀನಾದ್ರೆ ಬೇಗ ಆಗುತ್ತೆ."

ನೋರ್ಮಾ ಆಗಲೇ ಶೂ ಹಾಕಿಕೊಂಡು ಕ್ಯಾನಿಗೆ ಕೈ ಹಾಕಿದ್ದಳು. "ನಾನು ಹೋಗ್ತೀನಮ್ಮ. ದೊಡ್ಡೋಳು ಅಂತ ಹೇಳ್ತೀನಿ."

ಹೆರ್ಲಿಂದಾಳ ಬಾಯಲ್ಲಿ ಹೂಂ ಬಂದೇಬಿಟ್ಟಿತ್ತು. ಆದರೆ ಇದೇ ವಯಸ್ಸಿನಲ್ಲಿ ಒಂದು ದಿನದ ಮಟ್ಟಿಗೆಂದು ಅಮ್ಮನ ಕೈಯಿಂದ ಜೋಳದ ಬಕೆಟ್ಟು ಇಸಿದುಕೊಂಡು ಗಿರಣಿಗೆ ಹೋದವಳು ತಾನು. ಆ ಬಕೆಟ್ಟು ಮತ್ತೆ ಯಾವತ್ತೂ ಕೈ ಬಿಡಲಿಲ್ಲ.

"ಬೇಡ. ನೀನು ಶಾಲೆಗೆ ಹೋಗು" ಎಂದು ಕ್ಯಾನನ್ನು ಕಿತ್ತುಕೊಂಡಳು.

ಅಂಗಳದಲ್ಲಿ ತೋಲಾ ಕೂದಲು ಕಟ್ಟಿಕೊಳ್ಳುತ್ತಾ ನಿಂತಿದ್ದಳು. ಕ್ಯಾನು ನೋಡಿದ್ದೇ ಅವಳಿಗೆ ಎಲ್ಲ ತಿಳಿಯಿತು.

"ಆಣೆ ಇಟ್ಟಿದ್ನಲ್ಲ ನಿನ್ನ ಸಂತ?"

"ಮಲಗಿದ್ದಾನೆ ಸಂತ."

"ಕೊಡು ನಿನ್ನ ಸ್ವೆಟರ್."

ಕಾರ್ಖಾನೆಯಲ್ಲಿ ಅದೊಂದು ರೂಢಿ. ಯಾರಿಗಾದರೂ ತಡವಾದರೆ ಗೆಳತಿಯರು ಅವಳ ಸ್ವೆಟರನ್ನು ಕುರ್ಚಿಗೆ ನೇತುಹಾಕಿ, ಯಂತ್ರದ ದೀಪ ಹಚ್ಚುವರು. ಡೋನ್ಯಾ ಎಲ್ವಿರಾ ಬಾಗಿಲಲ್ಲೇ ನಿಂತು ಕಣ್ಣಾಡಿಸಿ ಹೋಗುವಳು. ಆಮೇಲೆ ಜೋಳದ ಕಡುಬಿನಂಥ ತಮಾಲೆ ಮಾರುವವಳಿಗಾಗಿ ಗೇಟು ಒಮ್ಮೆ ತೆಗೆದಾಗ, ತಡವಾದವಳು ಅವಳ ಬುಟ್ಟಿಯ ಒಂದು ಕಿವಿ ಹಿಡಿದು ಒಳಗೆ ಸೇರಿಕೊಳ್ಳುವಳು.

"ಇವತ್ತು ಬರೀ ಸ್ವೆಟರ್ ಸಾಕಾಗಲ್ಲ ಕೊಮಾದ್ರೆ. ಆ ಮೇಜಿಗೆ ಅವಳು ಹತ್ರಾನೇ ಬಂದು ನೋಡ್ತಾಳೆ."

"ಹಾಗಾದ್ರೆ ನಾನೇ ಹಾಕ್ಕೊಂಡು ಕೂತಿರ್ತೀನಿ. ನನ್ನ ಕುರ್ಚಿಗೆ ನನ್ನ ಸ್ವೆಟರ್ ನೇತುಹಾಕಿದ್ರಾಯ್ತು. ಹಿಂದಿನಿಂದ ನೋಡಿದ್ರೆ ನಾವಿಬ್ರೂ ಒಂದೇ ಮೂಟೆ." ತೋಲಾ ನೀಲಿ ಸ್ವೆಟರಿಗೆ ತೋಳು ತೂರಿಸಿದಳು. ಎಡತೋಳು ಮೊದಲು. "ನೀನು ಬಂದ ತಕ್ಷಣ ಎದ್ದು ನನ್ನ ಜಾಗಕ್ಕೆ ಹೋಗ್ತೀನಿ. ಫ್ರಾಕಿಗೆ ಕೈ ಹಚ್ಚಲ್ಲ ಮಾರಾಯ್ತಿ, ಹೆದರ್ಬೇಡ."

ಲಾರಿ ತಡವಾಗಿತ್ತು. ಹೆರ್ಲಿಂದಾ ಸಾಲಿನಲ್ಲಿ ಕಾಲು ಬದಲಿಸುತ್ತಾ ನಿಂತಳು. ಮುಂದೆ ಇದ್ದವರ ತಲೆಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು. ಮನಸ್ಸಿನಲ್ಲೇ ಫ್ರಾಕು ಹೊಲಿಯತೊಡಗಿದಳು: ಮೊದಲು ಹೆಗಲು, ಆಮೇಲೆ ಪಕ್ಕೆ, ಸೊಂಟ; ತೋಳನ್ನು ಬೇಕೆಂದೇ ಕೊನೆಗಿಟ್ಟಳು. ಕ್ಯಾನು ತುಂಬುವಾಗ ಎದುರಿನ ಬೇಕರಿಯ ರೇಡಿಯೊ ಏಳು ಗಂಟೆಯ ಸುದ್ದಿ ಶುರು ಮಾಡಿತ್ತು. ತಮಾಲೆಯವಳು ಗೇಟಿಗೆ ಬರುವ ಮುಂಚೆ ಮುಟ್ಟಬಹುದು. ಹಾಲು ಮನೆಗೆ ಎಸೆದು ಓಡುವುದು, ಅಷ್ಟೇ.

ವಠಾರದ ತಿರುವಿಗೆ ಬಂದಾಗ ಕ್ಯಾನಿನ ಹಾಲು ಕೈಮೇಲೆ ಚೆಲ್ಲಿತು. "ನೂಕ್ಬೇಡ್ರೇ, ಕಣ್ಣಿಲ್ವಾ?" ಎಂದು ಸಿಡುಕಿ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ. ನಿಂತಲ್ಲೇ ನಿಂತಿದ್ದಳು, ಹಾಲು ಮಾತ್ರ ಆ ಕಡೆಯಿಂದ ಈ ಕಡೆಗೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ವಿದ್ಯುತ್ ತಂತಿಗಳು ಹಗ್ಗದಾಟದ ಹಗ್ಗದಂತೆ ಬೀಸತೊಡಗಿದವು, ನೆಲ ಕಾಲಡಿಯಿಂದ ಸರಿಯಿತು, ವಠಾರದೊಳಗಿಂದ ಹೆಂಗಸರ ಕೂಗು ಕೇಳಿತು.

ವಠಾರ ಬೀಳದೆ ನಿಂತಿತು. ಮಕ್ಕಳನ್ನೂ ಗಂಡನನ್ನೂ ಅಂಗಳದಲ್ಲಿ ಕಣ್ಣಾರೆ ಕಂಡು, ಕ್ಯಾನು ಕೈಯಲ್ಲಿ ಹಿಡಿದೇ ಅವಳು ಕಾರ್ಖಾನೆಯ ಕಡೆ ಓಡಿದಳು.

ನಾಲ್ಕನೆಯ ಮಹಡಿ ಇರಬೇಕಾದ ಎತ್ತರದಲ್ಲಿ ಆಕಾಶವಿತ್ತು. ಮೆಟ್ಟಿಲ ಪಕ್ಕದ ಗೋಡೆ ಬಿರಿದು ತೆರೆದಿದ್ದರಿಂದ ತೋಳು ಹೊಲಿಯುವ ಸಾಲಿನವರು ಕೆಲವರು ತೆವಳಿ ಹೊರಬಂದಿದ್ದರು, ಸುಣ್ಣ ಮೆತ್ತಿದ ಮುಖದಲ್ಲಿ. ಒಳಕೋಣೆಯ ಕಡೆಯಿಂದ ಯಾರೂ ಬರಲಿಲ್ಲ. ಆ ಥಾನುಗಳ ಕೆಳಗಿಂದ ತೋಲಾ ಸಿಕ್ಕಿದ್ದು ಐದನೆಯ ದಿನ. ಅಷ್ಟರಲ್ಲಿ ಮಾಲೀಕ ಆಳುಗಳನ್ನು ಕರೆಸಿ ಒಳಗಿದ್ದ ಹೆಂಗಸರನ್ನು ಬಿಟ್ಟು ಯಂತ್ರಗಳನ್ನು ಹೊರತೆಗೆಸಿದ್ದ. ಫುಟ್‌ಪಾತಿನಲ್ಲಿ ಕಾದು ಕುಳಿತಿದ್ದ ಹೆಂಗಸರು ಅವನ ಲಾರಿಗೆ ಅಡ್ಡ ಮಲಗಿದರು, ಅವರ ನಡುವೆ ಹೆರ್ಲಿಂದಾಳೂ ಇದ್ದಳು. ಗುರುತು ಹೇಳಲು ಕರೆದಾಗ ಅವಳು ನೋಡಿದ್ದು ನೀಲಿ ಸ್ವೆಟರನ್ನು.

ವಠಾರದಲ್ಲಿ ಬದುಕು ಮತ್ತೆ ಹಳಿಗೆ ಬಂದಂತೆಲ್ಲ ರುತಿಲಿಯೊನ ಬಳಿ ಒಂದು ಕಥೆ ತಯಾರಾಯಿತು. ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಊರಿಂದ ಅವನ ಅಣ್ಣಂದಿರು ಬಂದಿದ್ದರು. ಸತ್ತವರಿಗೆ ಎಡೆಯಿಡುವ ಪೀಠದ ಮೇಲೆ ತೋಲಾಳ ಪಟ, ಚೆಂಡುಹೂವು, ಅವಳಿಗಿಷ್ಟವಾದ ಸಿಹಿ ತಮಾಲೆ.

"ಆವತ್ತು ನಾನು ಎದ್ದು ಹಾಲಿಗೆ ಹೋಗಿದ್ರೆ ಇವಳು ಇವತ್ತು ಇರ್ತಿರ್ಲಿಲ್ಲ" ಎಂದ ರುತಿಲಿಯೊ ಬಿಯರು ಸುರಿದುಕೊಳ್ಳುತ್ತಾ. "ನನ್ನ ನಿದ್ದೆ ಕಣ್ರೋ ಇವಳನ್ನ ಉಳಿಸಿದ್ದು!"

ಅಣ್ಣಂದಿರು ಶಿಲುಬೆಯ ಗುರುತು ಮಾಡಿಕೊಂಡು ನಕ್ಕರು. ಹೆರ್ಲಿಂದಾ ಟೋರ್ಟಿಯಾ ತಿರುವುತ್ತಿದ್ದ ಕೈ ನಿಲ್ಲಿಸಿದಳು.

"ಹಾಗಾದ್ರೆ ತೋಲಾನ ಯಾರ ನಿದ್ದೆ ಕೊಂದಿದ್ದು ರುತಿಲಿಯೊ?"

ಕಾವಲಿಯ ಮೇಲೆ ಟೋರ್ಟಿಯಾ ಸೀದುಹೋಯಿತು.

ರುತಿಲಿಯೊ ಆ ಕಥೆಯನ್ನು ಮತ್ತೆಂದೂ ಹೇಳಲಿಲ್ಲ. ಹಾಲಿಗೂ ಹೋಗಲಿಲ್ಲ. ಗುರುವಾರಗಳಂದು ಈಗಲೂ ಹೆರ್ಲಿಂದಾಳೇ ನಸುಕಿಗೆ ಏಳುತ್ತಾಳೆ. ಈಗ ಅವಳ ಕೈಯಲ್ಲಿ ಎರಡು ಕ್ಯಾನು. ಒಂದು ಮನೆಗೆ, ಇನ್ನೊಂದು ತೋಲಾಳ ಇಬ್ಬರು ಮಕ್ಕಳಿಗೆ. ಅಲ್ಲಿಂದ ಅವಳು ಹೋಗುವುದು ಹೆಂಗಸರೇ ಸೇರಿ ಕಟ್ಟಿಕೊಂಡ ಹೊಲಿಗೆಮನೆಗೆ. ಅಲ್ಲಿ ಬೇಕೆಂದವರು ಪೂರ್ತಿ ಬಟ್ಟೆ ಹೊಲಿಯಬಹುದು. ಹೆರ್ಲಿಂದಾ ಹೆಗಲು ಕೂಡಿಸುತ್ತಾಳೆ, ಪಕ್ಕೆ ಮುಚ್ಚುತ್ತಾಳೆ, ಎಡತೋಳು ಹಚ್ಚುತ್ತಾಳೆ. ಬಲತೋಳಿನ ಹತ್ತಿರ ಬಂದಾಗ ಎದ್ದು ನೀರು ಕುಡಿಯಲು ಹೋಗುತ್ತಾಳೆ, ಆಮೇಲೆ ಬಂದು ಅದನ್ನೂ ಹೊಲಿಯುತ್ತಾಳೆ.