ಗಾಯರಾಣದ ಅರ್ಜಿ

ವಿಜಾಪುರದಲ್ಲಿ ಮೊದಲ ಬೆಳಿಗ್ಗೆ, ಇಬ್ರಾಹಿಂಪುರ ಓಣಿಯ ನಳದ ಹತ್ತಿರ ನಾನು ಕೊಡವನ್ನು ನೆಲಕ್ಕಿಟ್ಟು ಹತ್ತು ಹೆಜ್ಜೆ ದೂರ ಸರಿದು ನಿಂತೆ. ಮೇಲು ಜಾತಿಯವರ ನೀರಿನ ಹತ್ತಿರ ಹೋದರೆ ಅವರೇ ಹೊಯ್ಯುವವರೆಗೆ ಕಾಯಬೇಕು ಎಂಬುದೊಂದೇ ನನಗೆ ಗೊತ್ತಿದ್ದ ಪದ್ಧತಿ. ಪಾಳಿಯಲ್ಲಿದ್ದ ಹೆಂಗಸೊಬ್ಬಳು ತಿರುಗಿ ನೋಡಿದಳು.

"ಯಾಕ ಬೇ, ನೀರು ತಾನ ನಡಕೊಂತ ಬರ್ತೈತೇನು? ಬಾ, ಕೊಡ ಹಿಡಿ."

ನಾನೇ ನಳ ತಿರುವಿದೆ. ಕೊಡ ತುಂಬಿ ಚೆಲ್ಲಿದರೂ ನಿಲ್ಲಿಸುವುದು ಹೊಳೆಯಲಿಲ್ಲ. ಸಂತೋಷವಾಯಿತೆಂದು ಬರೆದರೆ ಸುಳ್ಳಾದೀತು. ನಾವು ಯಾರೆಂದು ಗೊತ್ತಾದ ದಿನ ಇವರು ಏನು ಮಾಡುತ್ತಾರೋ ಎಂದು ಕೊಡ ಎತ್ತಿಕೊಂಡು ಬಿರಬಿರನೆ ನಡೆದೆ.

ನಮ್ಮ ಹಳ್ಳಿ ತಿಕೋಟಾದ ಆಚೆ. ಕೇರಿ ಇದ್ದದ್ದು ಹಳ್ಳದ ದಂಡೆಯ ತಗ್ಗಿನಲ್ಲಿ. ನಾವು ಊರು ಬಿಟ್ಟ ವರ್ಷ ಹಳ್ಳ ಉಕ್ಕಿ ಬಂದಾಗ ಊರಿನವರ ಅಂಗಳ ತೋಯ್ದವು. ನಮಗೆ ಗೋಡೆಗಳೇ ಉಳಿಯಲಿಲ್ಲ, ಬಾವಿಯಲ್ಲಿ ರಾಡಿ ತುಂಬಿತು. ಸಾಲೆಯೊಳಗೆ ಊರಿನ ಕಾಳಿನ ಚೀಲಗಳಿಗೆ ಜಾಗ ಸಿಕ್ಕಿತು, ನಮಗೆ ಹೊರಗಿನ ಬಯಲು. ಪರಿಹಾರದ ಜೋಳವನ್ನು ಅವರಿಗೆ ಅಳೆದು ಕೊಟ್ಟರು, ನಮ್ಮ ಸೆರಗಿಗೆ ದೂರದಿಂದ ಸುರಿದರು. ನೀರು ಇಳಿದ ಮೇಲೆ ಊರಿನ ಹಿರಿಯರು ಹೇಳಿದ್ದು ಒಂದೇ ಮಾತು: "ನಿಮ್ಮ ಜಾಗಾ ಅಲ್ಲೇ ಐತಿ. ಅಲ್ಲೇ ಕಟ್ರಿ." ನನ್ನ ಗಂಡನಿಗೆ ವಿಜಾಪುರದ ಸ್ಟೇಶನ್ನಿನಲ್ಲಿ ಹಮಾಲಿ ಕೆಲಸ ಸಿಕ್ಕಿತು. ನಾವಿಬ್ಬರೂ ಬಂದೆವು, ನನ್ನ ಹೆತ್ತವ್ವ ಅಲ್ಲೇ ಉಳಿದಳು.

ಬಾಡಿಗೆಗೆ ಖೋಲಿ ಕೊಡುವಾಗ ಮನೆಯೊಡತಿ ಗಂಗಾಬಾಯಿ ಕೇಳಿದಳು, "ನೀವು ಯಾವ ಪೈಕಿ?"

"ಬೌದ್ಧರು ರೀ," ಎಂದರು ನಮ್ಮವರು. ನಮ್ಮ ಕೇರಿ ಬುದ್ಧನ ದಾರಿ ಹಿಡಿದು ಆಗಿನ್ನೂ ಬಹಳ ದಿನವಾಗಿರಲಿಲ್ಲ.

"ಹೊಸಾದು ಕೇಳಾಕತ್ತೇನಿ ನೋಡು. ಇರ್ಲಿ, ಕುಡಿಯೂ ಚಟ ಇಲ್ಲಲ್ಲ?"

ಊರಲ್ಲಿ ಬಾಯಿ ತೆರೆಯುವ ಮೊದಲೇ ನಾವು ಯಾರೆಂದು ಎಲ್ಲರಿಗೂ ಗೊತ್ತು. ಇಲ್ಲಿ ಕೇಳಬೇಕು. ಕೇಳುವವರೆಗಿನ ಆ ಸಣ್ಣ ಬಿಡುವಿನಲ್ಲೇ ನಾನು ಬದುಕುತ್ತಿದ್ದೆ. ನಳದ ಪಾಳಿಯಲ್ಲಿ "ಠೈರೋ" ಅನ್ನಲು ಕಲಿತೆ, ತಡಿ ಎಂದರ್ಥ. ಗಂಗಾಬಾಯಿ ಮಜ್ಜಿಗೆ ಕೊಟ್ಟರೆ ಆಕೆಯ ತಂಬಿಗೆಯನ್ನು ಮೂರು ಸಲ ತಿಕ್ಕಿ ಮರಳಿಸುತ್ತಿದ್ದೆ.

ಒಂದು ದಿನ ಅವ್ವ ಬಸ್ಸಿನಲ್ಲಿ ಬಂದಿಳಿದಳು. "ಮತ್ತ ತಗ್ಗಿನ್ಯಾಗ ಕಂಬ ನೆಡಸಾಕತ್ತಾರ. ಇನ್ನೊಮ್ಮೆ ಹಳ್ಳ ಬಂದ್ರ ಹೆಣಾ ಹುಡುಕೂದ ಆಕ್ಕೈತಿ. ಗಾಯರಾಣ ಕೇಳೂಣು. ನೀ ಏಳನೇತ್ತಾ ಮುಲ್ಕಿ ಓದೀದಿ, ಅರ್ಜಿ ಬರಿ."

ಗಾಯರಾಣವೆಂದರೆ ಊರ ದನ ಮೇಯುವ ಸರಕಾರಿ ಭೂಮಿ. ನಮ್ಮಲ್ಲಿ ಅದು ದಿಬ್ಬದ ಮೇಲಿತ್ತು. ನಾನು ಬರೆದೆ. ಅವ್ವ ಕೇರಿಯ ಒಂದೊಂದೇ ಗುಡಿಸಲಿಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡಳು. "ನಾಳೆ ಕೂಲಿಗೆ ಕರೀಲಿಲ್ಲಂದ್ರ?" ಎಂದು ಹಿಂಜರಿದವರಿಗೆ, "ಕೂಲಿಗೆ ಹೋಗಾಕ ಜೀಂವ ಇರಬೇಕಲ್ಲೋ ಯಪ್ಪಾ!" ಅಂದಳಂತೆ.

ಅರ್ಜಿ ಕೊಡಲು ಗೊತ್ತುಮಾಡಿದ ದಿನ ಕೇರಿಯ ಹೆಂಗಸರೆಲ್ಲ ಬಂದು ವಿಜಾಪುರದ ಸರಕಾರಿ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕುಳಿತರು. ಗಂಗಾಬಾಯಿಯ ಗಂಡ ಅದೇ ಕಚೇರಿಯಲ್ಲಿ ಪಟ್ಟೇವಾಲಾ, ಸಾಹೇಬರ ಬಾಗಿಲಲ್ಲೇ ನಿಲ್ಲುವವನು. ಅವನು ಕಣ್ಣಿಗೆ ಬಿದ್ದಾಗ ನಾನು ಸೆರಗು ಮುಂದೆ ಎಳೆದುಕೊಂಡೆ.

ಸಾಹೇಬರು ಹೊರಗೆ ಬಂದರು. "ಯಾರು ಬರದದ್ದು ಇದು? ಓದ್ರಿ."

ಮೊದಲ ಸಾಲಿನಲ್ಲೇ ನನ್ನ ಹೆಸರು, ಜಾತಿ, ಈಗಿನ ವಸ್ತಿ. ಆ ಸಾಲು ಬಿಟ್ಟು ಓದಬಹುದಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ಓದಿದೆ. ನಮ್ಮ ಹಳೆಯ ಜಾತಿಯ ಹೆಸರು ಬಂದಾಗ ಪಟ್ಟೇವಾಲಾನ ತಲೆ ನನ್ನ ಕಡೆ ತಿರುಗಿತು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಗಂಗಾಬಾಯಿ ಹೊಸ್ತಿಲಲ್ಲೇ ನಿಂತಿದ್ದಳು.

"ಮೊದಲ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಖೋಲಿ ಕೊಡ್ತಿದ್ರೇನ್ರಿ, ಅಕ್ಕಾರ?"

"ಗೊತ್ತಿಲ್ಲವ್ವಾ," ಅಂದಳು ಆಕೆ. "ಇರ್ರಿ. ಆದ್ರ ಹಿತ್ತಲ ಬಾಗಲದಿಂದ ಓಡಾಡ್ರಿ."

ಹೋಗಲು ಬೇರೆ ಜಾಗವಿರಲಿಲ್ಲ, ಇದ್ದೆವು. ಮಜ್ಜಿಗೆ ಮಾತ್ರ ನಿಂತುಹೋಯಿತು.

ಮುಂದಿನ ಮಳೆಗಾಲದ ಮೊದಲೇ ಮೋಜಣಿಯವರು ಬಂದು ದಿಬ್ಬದ ಮೇಲೆ ಜಾಗ ಅಳೆದು ಕಲ್ಲು ನೆಟ್ಟರು. ಊರಿನವರು ಒಂದಿಡೀ ಸುಗ್ಗಿ ಕೇರಿಯವರನ್ನು ಕೂಲಿಗೆ ಕರೆಯಲಿಲ್ಲ. ಕೇರಿಯ ಜನ ತಿಕೋಟಾದವರೆಗೆ ನಡೆದು ದುಡಿದರು, ಉಳಿದ ಹೊತ್ತಿನಲ್ಲಿ ಗೋಡೆ ಎಬ್ಬಿಸಿದರು.

ಈಗ ನನಗೆ ಏಳು ತಿಂಗಳು. ಅವ್ವ ಮೊನ್ನೆ ಬಂದು, "ಚೊಚ್ಚಲ ಹೆರಿಗಿ ತವರಾಗ. ದಿಬ್ಬದ ಮ್ಯಾಲಿನ ಖೋಲಿ ಸಾರಿಸಿ ಇಟ್ಟೇನಿ, ಎಂಥಾ ಮಳಿ ಬಂದ್ರೂ ಹನಿ ನೀರು ಬರೂದಿಲ್ಲ," ಎಂದಳು. ನಮ್ಮವರಿಗೆ ಇಲ್ಲಿಯ ದವಾಖಾನೆಯೇ ಆಗಬೇಕು. ಅಲ್ಲಿ ಕಷ್ಟದ ಹೆರಿಗೆಯಾದರೆ ಊರಿನ ಯಾವ ಚಕ್ಕಡಿ ನಮಗಾಗಿ ಹೂಡೀತು ಎಂದು ಕೇಳುತ್ತಾರೆ. ನಿನ್ನೆ ಎರಡು ಸೀರೆ ಗಂಟು ಕಟ್ಟಿದೆ. ಇಂದು ಬಿಚ್ಚಿದೆ. ಅವ್ವ ಇನ್ನೂ ಹೋಗಿಲ್ಲ. ತಿಕೋಟಾದ ಬಸ್ಸು ಎಷ್ಟಕ್ಕೆ ಎಂದು ದಿನವೂ ಕೇಳುತ್ತಾಳೆ. ನಾನು ಹೊತ್ತು ಹೇಳುತ್ತೇನೆ, ಆದರೆ ಕುಳಿತಲ್ಲಿಂದ ಏಳುವುದಿಲ್ಲ.